ಒಂಬತ್ತು ಮುಖಗಳ ಹಲಗೆ

ಮನೆಯಿಂದ,
ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಬಾಯಿಯೂ ಇದ್ದ ಹಾಗೇ ಇದೆ ಎನ್ನುತ್ತಾಳೆ ಅವಳು. ಫೋನ್ ಮಾಡಬೇಡಿ ಎಂದಿದ್ದೀಯ, ಅದಕ್ಕೇ ಈ ಪತ್ರ. ನೀನು ಮನೆ ಬಿಟ್ಟು ಓಡಿಹೋಗಿ ಮುಂದಿನ ವಾರಕ್ಕೆ ಒಂದು ವರ್ಷ. ನಿಮ್ಮ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದೂ ಅಷ್ಟೇ ದಿನವಾಯಿತು.

ಆ ದಿನ ಸತ್ತ ಒಂಬತ್ತು ಜನರ ಫೋಟೋಗಳನ್ನು ಸೇರಿಸಿ ಗೇಟಿನ ಮುಂದೆ ದೊಡ್ಡ ಹಲಗೆ ನಿಲ್ಲಿಸಬೇಕೆಂದು ಅವರ ಮನೆಯವರು ತೀರ್ಮಾನಿಸಿದ್ದಾರೆ. ಕೆಲಸ ಯಾರ ಕೈಗೆ ಬಂತು ಗೊತ್ತೇ? ನನ್ನ ಕೈಗೆ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಟ ಕಟ್ಟಿದವರು ಈ ಬೀದಿಯಲ್ಲಿ ಇನ್ನಾರಿದ್ದಾರೆ? ಕೇಳಲು ಬಂದವಳು ಸತ್ತವರಲ್ಲೊಬ್ಬನಾದ ಕಟಿಂಗ್ ಮಾಸ್ಟರನ ಹೆಂಡತಿ. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, "ನೀವೇ ಮಾಡ್ಕೊಡ್ಬೇಕು" ಎಂದು ಫೋಟೋಗಳ ಲಕೋಟೆ ಚಾಚಿದಳು. ಹಿಂದಿನ ಬಾಗಿಲಿಗೆ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಚಹಾ ಕುಡಿಯಲು ಹೋದ ಸೂಪರ್‌ವೈಸರ್ ನನ್ನ ಮಗ ಎಂಬುದು ಅವಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಕೈ ಚಾಚಿ ಲಕೋಟೆ ತೆಗೆದುಕೊಂಡೆ. ಬಟ್ಟೆ ಕಳುವಾಗುತ್ತಿದೆ, ಬೀಗ ಹಾಕು ಎಂದು ಮಾಲೀಕನೇ ಹೇಳಿದ್ದ ಎಂದು ನೀನು ಬರೆದಿದ್ದೆ. ನಾನು ನಂಬುತ್ತೇನೆ. ಆದರೆ ಅದನ್ನು ಹೇಳಬೇಕಾದ ಕಡೆ ಹೇಳಲು ನೀನಿಲ್ಲ, ಮಾಲೀಕ ಹಾಯಾಗಿದ್ದಾನೆ.

ನಿನ್ನ ಕಂಪ್ಯೂಟರಿನ ಮುಂದೆ ಕೂತೆ. ಯಾವ ಸಾಫ್ಟ್‌ವೇರ್ ಎಂದು ಆರಿಸುವುದರಲ್ಲೇ ನಾಲ್ಕು ದಿನ ಹೋಗಿ ತಲೆ ಚಿಟ್ಟುಹಿಡಿಯಿತು. ಮೊದಲು ಸಿಕ್ಕಿದ್ದು ಮಹಾ ಬುದ್ಧಿವಂತ. ಫೋಟೋ ಕೊಟ್ಟರೆ ಸಾಕು, ತಾನೇ ಜೋಡಿಸುತ್ತದೆ. ಚೆನ್ನಾಗಿ ತೆಗೆಸಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ, ಗುಂಡಿ ಹೊಲಿಯುತ್ತಿದ್ದ ಹುಡುಗಿಯನ್ನು ಮೂಲೆಯಲ್ಲಿ ಉಗುರಿನಷ್ಟು ಮಾಡಿತು. ಪಾಪ, ಅವಳದ್ದು ಗುರುತಿನ ಚೀಟಿಯ ಫೋಟೋ ಒಂದೇ ಇದ್ದದ್ದು. ಸತ್ತ ಮೇಲೂ ಮೂಲೆಯೇ ಎಂದು ಸಿಟ್ಟು ಬಂದು ಅದನ್ನು ಕಿತ್ತುಹಾಕಿದೆ. ಎರಡನೆಯದು ಎಲ್ಲರನ್ನೂ ಒಂದೇ ಅಳತೆಯ ಚೌಕಗಳಲ್ಲಿ ಕೂರಿಸಿತು. ನನಗೇನೋ ಹಿಡಿಸಿತು. ಅಮ್ಮ ಇಣುಕಿ ನೋಡಿ, "ಆಸ್ಪತ್ರೇಲಿ ಹೆಣ ಇಡೋ ಕಪಾಟಿನ ಥರ ಇದೆ, ತೆಗೀರಿ ಅದನ್ನ" ಎಂದು ಮುಖ ತಿರುಗಿಸಿದಳು. ಮೂರನೆಯದರಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ಒಂದೊಂದು ಫೋಟೋದ ಅಂಚನ್ನೂ ನಾವೇ ಕತ್ತರಿಸಿ, ಒಬ್ಬರ ಭುಜದ ತಿರುವಿಗೆ ಇನ್ನೊಬ್ಬರ ತಲೆ ಕೂರುವ ಹಾಗೆ ಹೆಣೆಯಬೇಕು. ಒಬ್ಬರನ್ನು ಸರಿಸಿದರೆ ಉಳಿದ ಎಂಟೂ ಜನ ಕದಲುತ್ತಾರೆ. ಪ್ರೆಸ್ಸಿನಲ್ಲಿ ಅಚ್ಚುಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದು ಎತ್ತಿದರೆ ಒಂದೂ ಉದುರಬಾರದು ನೋಡು, ಹಾಗೆ. ನನಗೆ ಗೊತ್ತಿದ್ದ ಕೆಲಸ ಇದು, ಅದನ್ನೇ ಆರಿಸಿದೆ. ಆ ಹುಡುಗಿಯನ್ನು ನಡುವೆ ಇಟ್ಟೆ. ನಿಜ ಹೇಳಲೇ? ಒಂದು ವಾರ ಖುಷಿಯಿಂದ ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಿನ್ನೆ ಕಟಿಂಗ್ ಮಾಸ್ಟರನ ಹೆಂಡತಿಯನ್ನು ಕರೆಸಿ ತೋರಿಸಿದೆ. ಈ ಸಲ ಒಳಗೆ ಬಂದಳು. ತುಂಬಾ ಹೊತ್ತು ನೋಡಿದಳು. ಗಂಡನ ಮುಖದ ಮೇಲೆ ಬೆರಳಿಟ್ಟು, "ಹೀಗೇ ಇದ್ರು. ಹಿಂದಿನ ಬಾಗಿಲ ಹತ್ರ, ಒಬ್ಬರಿಗೊಬ್ಬರು ಅಂಟ್ಕೊಂಡು. ಬಿಡಿಸೋಕೇ ಆಗ್ಲಿಲ್ಲ" ಎಂದಳು. ನನಗದು ಗೊತ್ತಿರಲಿಲ್ಲ ಮಗನೇ, ಯಾರೂ ಹೇಳಿರಲಿಲ್ಲ. ಅಳಿಸಿ ಬೇರೆ ಮಾಡಿಕೊಡುತ್ತೇನಮ್ಮ ಎಂದೆ. "ಬೇಡ, ಹೀಗೇ ಇರ್ಲಿ. ಜನ ನೋಡ್ಲಿ" ಎಂದಳು. ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೈ ಕಡೆ ಜೋಪಾನ. ತಣ್ಣೀರು ಕುಡಿಯಬೇಡ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನಿನ್ನ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ತೆಗೆದಿಡುತ್ತಾಳೆ. ಸುಖವಾಗಿರು ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ನಿನಗೆ ಧೈರ್ಯ ಬರಲಿ ಎಂದು ಹರಸುತ್ತೇನೆ.

ನಿನ್ನ
ಅಪ್ಪ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಪೊಲೀಸ್ ಠಾಣೆಗೆ ಹೋಗಿ ನಿನ್ನ ವಿಳಾಸ ಬರೆದುಕೊಟ್ಟು ಬಂದೆ. ಇದು ತಲುಪುವ ಮೊದಲೇ ಅವರು ನಿನ್ನಲ್ಲಿಗೆ ಬಂದಿರಬಹುದು. ಹಾಗಾದರೆ ಇದನ್ನೆಲ್ಲ ನಿನ್ನ ಮುಖ ನೋಡಿಕೊಂಡೇ ಹೇಳುತ್ತೇನೆ. ಮೊದಲು ಪತ್ರವೇ ಕೈಗೆ ಸಿಕ್ಕಿದರೆ, ಇನ್ನು ಓಡಬೇಡ ಮಗನೇ. ಅಮ್ಮನಿಗೆ ಇನ್ನೂ ಹೇಳಿಲ್ಲ.