ಹ್ಯಾಂಗ್ ಆನ್ ಅಂದರೆ

೧೩ ಮಾರ್ಚ್ ೧೯೯೮, ಶುಕ್ರವಾರ. ನಿಟ್ಟುವಳ್ಳಿ.

‘ಹ್ಯಾಂಗ್ ಆನ್’ ಅಂದರೆ ಫೋನ್ ಇಡು ಅಂತಲ್ಲವಂತೆ. ಇವತ್ತು ಇಂಗ್ಲಿಷ್ ಕ್ಲಾಸಿನಲ್ಲಿ ರುದ್ರಮುನಿ ಮೇಷ್ಟ್ರು ಹೇಳಿದರು: “ಸ್ವಲ್ಪ ತಡಿ ಅಂತ ಅರ್ಥ. ಬಸ್ಸಿನಾಗೆ ಗಟ್ಟಿಯಾಗಿ ಹಿಡ್ಕೋ ಅನ್ನಾಕೂ ಅದನ್ನೇ ಅಂತಾರೆ. ಫೋನ್ ಇಡೋದಕ್ಕೆ ಹ್ಯಾಂಗ್ ಅಪ್ ಅನ್ಬೇಕು.” ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಮುಚ್ಚಿಟ್ಟೆ.

ದೀಪಾವಳಿಯ ಮರುವಾರ ಹರಿಹರದ ಮಹಾಂತೇಶ ತನ್ನ ಪುಣೆಯ ಆಫೀಸಿನಿಂದ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿದ್ದ. “ಊರಿಗೆ ಬಂದಾಗ ನಮ್ಮಪ್ಪಾಜಿ ಹತ್ರ ನಮ್ಮಿಬ್ಬರ ವಿಷಯ ಮಾತಾಡ್ಲಾ?” ಎಂದು ಕೇಳಿದ. ನಾನು ಹೂಂ ಅನ್ನುವಷ್ಟರಲ್ಲಿ ಅಲ್ಲಿ ಯಾರೋ ಅವನನ್ನು ಕರೆದರು. “ಹ್ಯಾಂಗ್ ಆನ್” ಎಂದ. ನಾನು ಇಟ್ಟುಬಿಟ್ಟೆ. ಅದೇ ನನ್ನ ಉತ್ತರ ಅಂದುಕೊಂಡನೇನೋ, ಮತ್ತೆ ಫೋನ್ ಬರಲಿಲ್ಲ. ನಾನೂ ಬಿಗುಮಾನದಿಂದ ಸುಮ್ಮನಿದ್ದೆ. ಆ ದನಿ ಕೇಳದೆ ನಾಲ್ಕು ತಿಂಗಳು ಕಳೆದೆ.

ಕ್ಲಾಸು ಬಿಟ್ಟವಳೇ ಎಸ್‌ಟಿಡಿ ಬೂತಿಗೆ ಹೋಗಿ ಪುಣೆಗೆ ಮಾಡಿದೆ. ಎತ್ತಿದವರೂ ಕನ್ನಡದವರೇ. “ಮಹಾಂತೇಶ ಊರಿಗೆ ಹೋಗ್ಯಾರ್ರಿ, ಭಾನುವಾರದ ತನಕ ರಜಾ” ಎಂದರು.

ಹರಿಹರದಲ್ಲೇ ಇದ್ದಾನೆ. ಬಸ್ಸಿಗೆ ಅರ್ಧ ಗಂಟೆಯ ದಾರಿ, ಆದರೂ ಬಂದಿಲ್ಲ. ಎಷ್ಟು ನೊಂದಿದ್ದಾನೋ. ನಾಳೆ ನಾನೇ ಹೋಗುತ್ತೇನೆ. ಅವರಪ್ಪಾಜಿ ಎದುರಿಗಿದ್ದರೂ ಸರಿ, ಬಾಗಿಲಲ್ಲೇ ನಿಂತು ಅವತ್ತಿನ ಹೂಂ ಹೇಳಿಬಿಡುತ್ತೇನೆ. ಅವ್ವನಿಗೆ ಏನು ಹೇಳಿ ಹೊರಡಬೇಕೋ, ಅದೊಂದು ಇನ್ನೂ ಹೊಳೆದಿಲ್ಲ.