ಉಪ್ಪು ಕಮ್ಮಿ

ಫೆಬ್ರವರಿ ೩
ಸರ್ಕ್ಯೂಟ್ ಬೋರ್ಡು ಇವತ್ತೂ ಮೇಜಿನ ಮೇಲೆ ಮಿನುಗುತ್ತಲೇ ಇದೆ. ಆಫೀಸಿನಲ್ಲಿ ಅದನ್ನು ಯಾರೂ ಆರಿಸುವುದಿಲ್ಲ. ಲಕ್ವ ಹೊಡೆದು ಮಾತು ನಿಂತ ಅಣ್ಣನಿಗೆ ನಾನು ಮಾಡುತ್ತಿರುವ ಮಾತಾಡುವ ಪೆಟ್ಟಿಗೆ. ಒತ್ತಿದರೆ ‘ನೀರು’ ಎನ್ನುತ್ತದೆ, ‘ಫ್ಯಾನ್ ಹಾಕು’ ಎನ್ನುತ್ತದೆ. ಹೊಸ ಮಾತು ಬೇಕಿದ್ದರೆ ಅಣ್ಣನೇ ಅಕ್ಷರ ಒತ್ತಿ ಸೇರಿಸಬಹುದು. ಅದಕ್ಕೊಂದು ಬಟನ್ ಮೂಡುತ್ತದೆ.

ಅತ್ತಿಗೆ ಸುಮ್ಮನೆ ಪ್ಲಗ್ ಕಿತ್ತುಬಿಡುತ್ತಾರೆಂಬ ಭಯ. ಏನಾದರೂ ಬರೆಯುತ್ತಿರುವಾಗ ಕರೆಂಟು ಹೋದರೆ ಫ್ಲ್ಯಾಶ್ ಮೆಮೊರಿಯಲ್ಲಿರುವ ಫೈಲುಗಳು ಕೆಡುತ್ತವೆ, ಪೆಟ್ಟಿಗೆ ಮತ್ತೆ ಬೂಟ್ ಆಗಿ ಏಳುವುದಿಲ್ಲ. ಹಾಗಾಗಿ ಆ ಫೈಲುಗಳೆಲ್ಲ ಇರುವ ರೂಟ್‌ಗೆ ಬೀಗ — ಓದಬಹುದು, ಬರೆಯುವಂತಿಲ್ಲ. ಯಾರು ಏನೇ ಮಾಡಲಿ, ಪ್ರತಿ ಸಲವೂ ಮೊದಲಿನಂತೆಯೇ ಏಳುತ್ತದೆ. ಜಾಣತನ ಎನಿಸಿತು.

ಫೆಬ್ರವರಿ ೯
ಕೊಟ್ಟು ಬಂದೆ. ಅಷ್ಟು ವರ್ಷ ಬಟ್ಟೆ ಕತ್ತರಿಸಿದ ಅಣ್ಣನ ಬಲಗೈ ಈಗ ಮಡಿಲಲ್ಲಿ ಬಿದ್ದಿದೆ. ಎಡಗೈ ಬೆರಳು ಒಂದೊಂದೇ ಅಕ್ಷರ ಹುಡುಕಿತು. ಕಾದೆವು. ತಟ್ಟೆಯಲ್ಲಿದ್ದದ್ದು ಆರಿತು. ಕೊನೆಗೆ ಪೆಟ್ಟಿಗೆ ಹೇಳಿತು — ‘ಉಪ್ಪು ಕಮ್ಮಿ.’

“ಬಾಯಿ ಹೋದ ಮೇಲಾದ್ರೂ ಇದು ತಪ್ಪತ್ತೆ ಅಂದ್ಕೊಂಡಿದ್ದೆ,” ಅಂದರು ಅತ್ತಿಗೆ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಣ್ಣ ಮತ್ತೆ ಒತ್ತಿದ. ಮತ್ತೆ.

ಫೆಬ್ರವರಿ ೧೪
ಮೀಟಿಂಗ್‌ನಲ್ಲಿದ್ದಾಗ ಅತ್ತಿಗೆಯ ಫೋನು.

“ಉಪ್ಪಿನ ಬಟನ್ ಇಲ್ಲ ಕಣಪ್ಪ. ದಿನಾ ಹಿಂಗೇ. ಹೊಸದಾಗಿ ಹಾಕ್ತಾರೆ, ಬೆಳಿಗ್ಗೆ ನೋಡಿದ್ರೆ ಇರಲ್ಲ.”

“ಕೈ ತಾಗಿ ಅಳಿಸಿರ್ತಾನೆ ಅತ್ತಿಗೆ.”

“ಇಲ್ಲ ಅಂತ ತಲೆ ಆಡಿಸ್ತಾರಲ್ಲ.”

“ಮಷೀನು ಸುಳ್ಳು ಹೇಳಲ್ಲ.”

ಇಟ್ಟುಬಿಟ್ಟೆ. ಒಳಗೆ ಎಲ್ಲರೂ ಕಾಯುತ್ತಿದ್ದರು.

ಮಾರ್ಚ್ ೨೦
ಇಷ್ಟು ದಿನ ಹೋಗಿರಲಿಲ್ಲ. ಕೆಲಸ… ನೆಪಕ್ಕೆ ಸಾಕು.

ಪೆಟ್ಟಿಗೆಯ ಮೇಲೆ ಧೂಳಿಲ್ಲ, ಅತ್ತಿಗೆ ಒರೆಸುತ್ತಾರೆ. ಅಣ್ಣ ಎಡಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದ. ಚಳಿಯಾ ಎಂದೆ.

“ಚಳಿ ಎಲ್ಲಿ ಬಂತು. ಕೈ ತಾಗತ್ತೆ ಅಂತ ನೀನೇ ಹೇಳಿದ್ಯಲ್ಲ. ನಾನೂ ರೇಗಿಬಿಟ್ಟೆ — ಹಾಕೋರೂ ನೀವೇ, ಅಳಿಸೋರೂ ನೀವೇ ಅಂತ. ಅವತ್ತಿಂದ ಹಿಂಗೇ ಕೂರ್ತಾರೆ.” ದನಿ ತಗ್ಗಿಸಿದರು. “ಡಾಕ್ಟರಿಗೂ ಹೇಳ್ದೆ. ಮರೆವು ಶುರುವಾಗಿರಬೋದು ಅಂದ್ರು. ಮಾತ್ರೆ ಬರೆದಿದಾರೆ.”

ಅಣ್ಣ ಗೋಡೆ ನೋಡುತ್ತಿದ್ದ. ಕಿವಿಗೇನೂ ಆಗಿಲ್ಲ ಅವನಿಗೆ.

ಹೊರಟಾಗ ಅತ್ತಿಗೆ ಪ್ಲಗ್ ಕಿತ್ತರು. “ರಾತ್ರಿ ಇದಕ್ಕೇನು ಕೆಲಸ. ಮಲಗ್ಲಿ ಪಾಪ.”

ಬಾಗಿಲಲ್ಲೇ ನಿಂತೆ. ಒಂದು ಕಾಲಿಗೆ ಮಾತ್ರ ಚಪ್ಪಲಿ.

ಮಾರ್ಚ್ ೨೧
ನೋಡುವ ಅಗತ್ಯವೇ ಇರಲಿಲ್ಲ. ಆದರೂ ನನ್ನ ಮೇಜಿನ ಮೇಲೇ ಉಳಿದಿದ್ದ, ಅಣ್ಣನ ಪೆಟ್ಟಿಗೆಯದರ ಜೋಡಿ ಬೋರ್ಡಿಗೆ ಕೇಬಲ್ ಸಿಕ್ಕಿಸಿದೆ. ಒಂದು ಮಾತು ಸೇರಿಸಿದೆ. ಆರಿಸಿದೆ, ಹಾಕಿದೆ. ಪರದೆಯ ಮೇಲೆ ಸಾಲುಗಳು ಹರಿದವು — ಕರ್ನಲ್ ಎಂಬ ಮೂಲ ಪ್ರೋಗ್ರಾಂ ಎದ್ದಿತು, ಫ್ಲ್ಯಾಶ್‌ನಿಂದ ರೂಟ್ ಬಂತು, ಬೀಗ ಭದ್ರ. ಸೇರಿಸಿದ ಮಾತು ಇಲ್ಲ. ಎಲ್ಲಿಂದ ಇರಬೇಕು? ಅಣ್ಣ ಬರೆದದ್ದೆಲ್ಲ ರ‍್ಯಾಮ್‌ಗೆ ಹೋಗುತ್ತಿತ್ತು. ಪ್ಲಗ್ ಕಿತ್ತರೆ ಅದು ಖಾಲಿ. ನನ್ನ ಬೋರ್ಡು ಎಂದೂ ಆರಿರಲಿಲ್ಲ, ಹಾಗಾಗಿ ನನಗೆಂದೂ ಕಾಣಲಿಲ್ಲ.

ಕೆಟ್ಟಿದೆ ಎನ್ನುವಂತಿಲ್ಲ. ಎಲ್ಲವೂ ನಾನು ಬಯಸಿದಂತೆಯೇ ನಡೆದಿದೆ.

ಫೋನ್ ಮಾಡಬಹುದಿತ್ತು. ಮೊದಲು ಸರಿಮಾಡೋಣ, ಆಮೇಲೆ ಹೇಳಿದರಾಯಿತು —

ಮಾರ್ಚ್ ೨೮
ಫ್ಲ್ಯಾಶ್‌ನಲ್ಲೇ ಒಂದು ಮೂಲೆ ಬೇರೆ ಮಾಡಿ, ಅಲ್ಲಿ ಬರೆಯಲು ಬಿಟ್ಟೆ. ಒಂದು ಸಂಜೆಯ ಕೆಲಸ. ವಾರ ಎಳೆದೆ. ಇವತ್ತು ಹೋಗಿ ಅಣ್ಣನ ಪೆಟ್ಟಿಗೆಗೆ ಹಾಕಿದೆ.

“ಏನು ಮಾಡ್ದೆ?” ಅತ್ತಿಗೆ ಕೇಳಿದರು.

“ಅಪ್‌ಡೇಟ್.”

“ಅಂದ್ರೆ ಇನ್ಮೇಲೆ ಇವರು ಅಳಿಸೋಕಾಗಲ್ವಾ?”

“ಇಲ್ಲ.”

“ಸದ್ಯ.”

ಆಗಲೇ ಹೇಳಬಹುದಿತ್ತು. ಬಾಯಿ ಇರುವವನು ನಾನು.

ಅಣ್ಣನ ಕೈಯನ್ನು ನಾನೇ ತೊಡೆಯ ಕೆಳಗಿಂದ ಬಿಡಿಸಿದೆ. ಬೆಚ್ಚಗಿತ್ತು, ಪಂಚೆಯ ನೆರಿಗೆ ಅಚ್ಚಾಗಿತ್ತು. “ಬರಿ,” ಎಂದೆ. ಬೆರಳು ಬಹಳ ಹೊತ್ತು ಹುಡುಕಿತು. “ಇವತ್ತು ಉಪ್ಪು ಸರಿಯಾಗಿದೆ, ಹೇಳಿಬಿಟ್ಟಿದೀನಿ,” ಅಂದರು ಅತ್ತಿಗೆ ಒಳಗಿಂದ.

ಪೆಟ್ಟಿಗೆ ಹೇಳಿತು: ‘ನಾನೇ ಅಳಿಸಿದ್ದು. ಬೈಬೇಡ ಕಣೋ.’

‘ಕಣೋ’ ಕೂಡ ಬಿಡದೆ ಒತ್ತಿದ್ದ.

ಮಾರ್ಚ್ ೨೯, ಬೆಳಿಗ್ಗೆ
ಇಲ್ಲೇ ಉಳಿದೆ. ಅತ್ತಿಗೆ ಪ್ಲಗ್ ಸಿಕ್ಕಿಸಿದರು. ಪೆಟ್ಟಿಗೆ ಎದ್ದಿತು. ನೀರು. ಫ್ಯಾನ್ ಹಾಕು. ಕೊನೆಯಲ್ಲಿ ನಿನ್ನೆಯ ಆ ಮಾತು — ಒಂದಕ್ಷರ ಹೋಗಿಲ್ಲ. ಅಳಿಸುವವರೆಗೂ, ಎಷ್ಟು ಸಲ ಆರಿಸಿ ಹಾಕಿದರೂ, ಇನ್ನು ದಿನಾ ಬೆಳಿಗ್ಗೆ ಹೀಗೇ ಏಳುತ್ತದೆ.

“ಅಬ್ಬ, ಉಳ್ಕೊಂಡಿದೆ ನೋಡು,” ಅಂದರು ಅತ್ತಿಗೆ.

ಅಣ್ಣ ಬಟನ್ ನೋಡಿದ. ಪ್ಲಗ್ ನೋಡಿದ. ಆಮೇಲೆ ನನ್ನನ್ನು. ಅಣ್ಣ ದಡ್ಡನಲ್ಲ.

ಅದನ್ನು ಅಳಿಸಬೇಕು. ಸದ್ದಿಲ್ಲದೆ ಅಳಿಸಿದರೆ ಅದೂ ಅವನ ತಲೆಗೇ ಬರುತ್ತದೆ. ಒಳಗೆ ಹೋದ ಅತ್ತಿಗೆ ಮಾತ್ರೆ ಬಿಡಿಸುವ ಸದ್ದು. ಕರೆದೆ. “ಬಂದೆ ಇರಪ್ಪ, ಕೈ ಒದ್ದೆ,” ಎಂದರು. ಒರೆಸಿಕೊಂಡು ಬರುವಷ್ಟರಲ್ಲಿ ಇಷ್ಟು ಬರೆದೆ. ಆ ಮಾತ್ರೆ ಕೊಡಬೇಡಿ ಎಂದು ಮೊದಲು ಹೇಳಬೇಕು. ಆಮೇಲೆ, ಅಣ್ಣನ ಎದುರಿಗೇ —