ಬೇಗ ಏರಿದ ಬೆಳಕು

ಪೂಜ್ಯ ಅಮ್ಮನವರಿಗೆ, ನಿಮ್ಮ ಮಗನ ಜೊತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವಳ ನಮಸ್ಕಾರಗಳು.

ಕೆಲವು ಲವಣಗಳು ಕಾದು ವಿಭಜನೆಯಾಗುವಾಗ ಮಂದವಾಗಿ ಹೊಳೆಯುತ್ತವೆ. ಕತ್ತಲೆಕೋಣೆಯಲ್ಲಿ ಕುಳಿತು ಆ ಬೆಳಕನ್ನು ಅಳೆಯುವುದೇ ನಮ್ಮ ಕೆಲಸವಾಗಿತ್ತು. ಅಂದು ಕುಲುಮೆ ಸರಿಯಾಗಿ ಕಾಯುವ ಮೊದಲೇ ಬೆಳಕು ಏರಿತು. ನಾನು ಖುಷಿಪಟ್ಟೆ, ಅವನು ಗಾಬರಿಯಾದ. “ಅಕ್ಕಾ, ಇದ್ಯಾಕೋ ಸರಿಯಿಲ್ಲ, ನೀವು ಮೊದ್ಲು ಹೊರಗೆ ನಡೀರಿ” ಎಂದು ನನ್ನನ್ನು ಬಾಗಿಲಾಚೆ ದಬ್ಬಿ, ಕುಲುಮೆ ಆರಿಸಲು ಹಿಂದಿರುಗಿದ. ಅಷ್ಟರಲ್ಲಿ ಅದು ಸಿಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನು ಇರಲಿಲ್ಲ.

ಅವನು ಕತ್ತಲಲ್ಲಿ ತೂಕಡಿಸಿದ್ದಕ್ಕೇ ಹೀಗಾಯಿತೆಂದು ನಮ್ಮ ಮುಖ್ಯಸ್ಥರು ಹೇಳುತ್ತಿದ್ದಾರೆ. ಆ ಲವಣದಲ್ಲಿ ಕಲಬೆರಕೆ ಇದೆಯೆಂದು ಅವನು ಮೊದಲೇ ಹೇಳಿದ್ದು ಅವರಿಗೆ ನೆನಪಿಲ್ಲವಂತೆ. ಮುಂದಿನ ವಾರ ಅವರ ಕಡೆಯವರು ನಿಮ್ಮ ಮನೆಗೆ ಬಂದು, ಸಮಾಧಾನ ಹೇಳುತ್ತಲೇ ತಪ್ಪು ಅವನದೆಂದು ನಿಮ್ಮ ಬಾಯಲ್ಲಿ ಹೇಳಿಸಲು ನೋಡುತ್ತಾರೆ. ದಯವಿಟ್ಟು ಹೂಂ ಅನ್ನಬೇಡಿ. ತೂಕಡಿಸುವವನ ಕಣ್ಣಿಗೆ ಅಷ್ಟು ಸಣ್ಣ ಬೆಳಕು ಬೀಳುವುದಿಲ್ಲ.

“ನಿನ್ನ ಕೆಲಸದ ಗತಿ ಏನಾಗತ್ತೆ, ಯೋಚಿಸಿದ್ದೀಯಾ?” ಎಂದು ಮುಖ್ಯಸ್ಥರು ಆಸ್ಪತ್ರೆಗೇ ಬಂದು ಕೇಳಿದರು. ಯೋಚಿಸಿದ್ದೇನೆ. ಭಾನುವಾರ ನಿಮ್ಮಲ್ಲಿಗೆ ಬರುತ್ತೇನೆ. ಅವರು ಬಂದಾಗ ನಿಮ್ಮ ಪಕ್ಕದಲ್ಲೇ ಇರುತ್ತೇನೆ. ಅವನನ್ನು ಎಳೆದು ತರಲು ಹೋಗಿ ನನ್ನ ಎರಡೂ ಕೈ ಸುಟ್ಟಿವೆ. ಈ ಪತ್ರವನ್ನೂ ನರ್ಸ್ ಬರೆದುಕೊಡುತ್ತಿದ್ದಾರೆ. ಬಾಗಿಲು ತಟ್ಟಲಾರೆ. ಹೊರಗೆ ನಿಂತು ‘ಅಮ್ಮಾ’ ಎಂದು ಕೂಗುತ್ತೇನೆ, ತೆರೆಯಿರಿ.

ಇತಿ,
ಅವನು ಅಕ್ಕ ಎನ್ನುತ್ತಿದ್ದವಳು